ಚೆನ್ನಾಗಿದೆ ಎನ್ನುವ ಮನೆ

ಮಾರ್ಚ್ 3, ಸೋಮವಾರ

ನನ್ನ ಗಂಡ. ನನ್ನ ಗಂಡ. ನನ್ನ ಗಂಡ. ಮೂರು ಸಲ ಬರೆದು ನೋಡಿದೆ, ಇನ್ನೂ ನಗು ಬರುತ್ತದೆ. ಈ ಡೈರಿ ಕೊಟ್ಟವನೂ ಅವನೇ. "ಇಂಜಿನಿಯರಮ್ಮ, ದಿನಾ ನನ್ನ ತಲೆ ತಿನ್ನೋದರಲ್ಲಿ ಅರ್ಧ ಇದರಲ್ಲಿ ಬರಿ. ನನ್ನ ತಲೆನೂ ಸ್ವಲ್ಪ ಉಳೀಲಿ," ಎಂದ. ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ, ಆಫೀಸಿನಲ್ಲಿ ಬರೆಯುವುದೂ ಇಂಗ್ಲಿಷೇ. ಇದನ್ನು ಮಾತ್ರ ಕನ್ನಡದಲ್ಲಿ ಬರೆಯುತ್ತೇನೆ. ಇಂಗ್ಲಿಷಿನಲ್ಲಾದರೆ ಪ್ರೀತಿಗೂ ಪಾಯಿಂಟ್ ನಂಬರ್ ಹಾಕಿಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತು.

ಮದುವೆಯಾಗಿ ಎರಡು ತಿಂಗಳೂ ತುಂಬಿಲ್ಲ, ಆಗಲೇ ಈ ಮನೆ ನನಗೆ ಅಂಗೈ ಗೆರೆಯಷ್ಟು ಪರಿಚಯ. ಗಂಡ ಹಲ್ಲಿನ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುತ್ತಾನೆ. ಊರಿನ ಎಷ್ಟೋ ನಗು ಅವನ ಕೈಯದು! ಮಾವ ನಿವೃತ್ತ ಬಸ್ ಡ್ರೈವರ್, ಈಗ ಬಾಲ್ಕನಿಯ ಕುರ್ಚಿಯನ್ನು ಮಾತ್ರ ನಡೆಸುತ್ತಾರೆ. ಅತ್ತೆ ಒಂದು ಕಾರ್ಖಾನೆಯ ಕ್ಯಾಂಟೀನನ್ನು ವರ್ಷಾನುಗಟ್ಟಲೆ ನಡೆಸಿದವರು. ಅವರು ಅಡುಗೆಮನೆಯಲ್ಲಿ ನಿಲ್ಲುವ ರೀತಿಯಲ್ಲೇ ಅದು ಗೊತ್ತಾಗುತ್ತದೆ: ಸೊಂಟಕ್ಕೆ ಒಂದು ಕೈ, ಸೌಟಿಗೆ ಇನ್ನೊಂದು ಕೈ. ಮದುವೆಗೆ ಸ್ವಲ್ಪ ಮುಂಚೆ ಅವರಿಗೆ ಜೋರು ಜ್ವರ ಬಂದಿತ್ತಂತೆ. ಆದರೂ ಮದುವೆಯ ದಿನ ಎಲ್ಲರಿಗಿಂತ ಹೆಚ್ಚು ಓಡಾಡಿದವರು ಅವರೇ. ನನಗೆ ಸಿಕ್ಕಂಥ ಅತ್ತೆ ಯಾರಿಗೂ ಸಿಕ್ಕಿಲ್ಲ.

ಈ ಮನೆಯಲ್ಲಿ ಒಂದು ಚೆಂದದ ಪದ್ಧತಿ ಇದೆ. ಮೊದಲ ತುತ್ತು ಒಳಗೆ ಹೋದ ಕೂಡಲೇ ಮಾವ "ಚೆನ್ನಾಗಿದೆ" ಅನ್ನುತ್ತಾರೆ. ಆಮೇಲೆ ಗಂಡ, "ಚೆನ್ನಾಗಿದೆ ಅಮ್ಮ." ಆಮೇಲೆ ಎಲ್ಲರೂ ನನ್ನ ಕಡೆ ನೋಡುತ್ತಾರೆ, ನಾನೂ "ಚೆನ್ನಾಗಿದೆ ಅತ್ತೆ" ಅನ್ನುತ್ತೇನೆ. ನನ್ನ ತವರಿನಲ್ಲಿ ಊಟ ಎಂದರೆ ಕೋರ್ಟು. ಉಪ್ಪಿಗಾಗಿ ಅಪ್ಪ, ಹುಳಿಗಾಗಿ ಅಮ್ಮ, ಇಬ್ಬರೂ ತಟ್ಟೆ ಖಾಲಿಯಾಗುವವರೆಗೂ ವಾದಿಸುತ್ತಾರೆ. ಇಲ್ಲಿ ಎಷ್ಟು ಸಂಸ್ಕಾರ!

ಇವತ್ತಿನ ಬೀನ್ಸ್‌ನಲ್ಲಿ ಉಪ್ಪು ಒಂದು ಹೆಜ್ಜೆ ಮುಂದಿತ್ತು. ಇರಲಿ, ಒಂದೊಂದು ಮನೆಯ ಕೈ ಒಂದೊಂದು ತರಹ. ಮಾವ ಊಟದ ಜೊತೆ ಒಂದು ಜಗ್ ನೀರು ಕುಡಿಯುತ್ತಾರೆ. ಎಷ್ಟು ಆರೋಗ್ಯಕರ ಅಭ್ಯಾಸ!

ಮಾರ್ಚ್ 9, ಭಾನುವಾರ

ಇವತ್ತು ನಾನು ಬ್ರೆಡ್ ಮಾಡಿದೆ!! ಅತ್ತೆಗೆ ರಜೆ ಎಂದು ಘೋಷಿಸಿ, ಹಿಟ್ಟನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ನೀರಿನ ಬಿಸಿಯನ್ನು ಥರ್ಮಾಮೀಟರಿನಲ್ಲಿ ನೋಡಿ, ಓವನ್ನಿನ ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತೆ. ಅಡುಗೆ ಎಂದರೆ ಕೊನೆಗೂ ಒಂದು ಸಿಸ್ಟಮ್ ತಾನೆ? ಸರಿಯಾದದ್ದನ್ನು ಒಳಗೆ ಕೊಟ್ಟರೆ ಸರಿಯಾದದ್ದು ಹೊರಗೆ ಬರಲೇಬೇಕು.

ಗಂಡ ಒಂದು ಚೂರನ್ನು ಬೆಳಕಿಗೆ ಹಿಡಿದು, ಹಲ್ಲಿನ ಅಚ್ಚನ್ನು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. "ಗಟ್ಟಿಮುಟ್ಟಾಗಿ ಬಂದಿದೆ. ಚೆನ್ನಾಗಿದೆ." ಅತ್ತೆ ಒಂದು ತುಂಡನ್ನು ಬಹಳ ಹೊತ್ತು ಅಗಿದು "ಚೆನ್ನಾಗಿದೆ ಮಗಳೇ" ಎಂದರು. ಮಾವ ಕಚ್ಚಿದಾಗ ಕಟ್ ಎಂದು ಒಂದು ಸದ್ದಾಯಿತು. ಆಹಾ, ಅಂಥ ಗರಿಗರಿ! ಅವರು ಬಾಯಿಗೆ ಕೈ ಅಡ್ಡ ಹಿಡಿದು, ಕೈಯ ಹಿಂದಿನಿಂದಲೇ "ಚೆನ್ನಾಗಿದೆ" ಎಂದು, ಎದ್ದು ರೂಮಿಗೆ ಹೋದರು. ಭಾವುಕರಾದರೇನೋ.

ಮಧ್ಯಾಹ್ನ ಗಂಡ ಬಾಲ್ಕನಿಯಲ್ಲಿ ಕುಳಿತು ಯಾರದೋ ಒಂದು ಹಲ್ಲಿನ ಸೆಟ್ ರಿಪೇರಿ ಮಾಡುತ್ತಿದ್ದ. "ಅರ್ಜೆಂಟ್ ಗಿರಾಕಿ," ಎಂದ. ಭಾನುವಾರವೂ ಕೆಲಸ! ಇಂಥ ಶ್ರದ್ಧೆಯ ಗಂಡನಿಗೆ ನಾನು ದೃಷ್ಟಿ ಹಾಕಬಾರದು. ಮಾವ ಹೊಟ್ಟೆ ಸರಿಯಿಲ್ಲವೆಂದು ಸೂಪ್ ಮಾತ್ರ ಕುಡಿದರು.

ಮಾರ್ಚ್ 13, ಗುರುವಾರ

ನನ್ನ ಕೆಲಸದ ಬಗ್ಗೆ ಇಲ್ಲಿ ಬರೆದೇ ಇಲ್ಲವಲ್ಲ! ಹಣ್ಣು ತರಕಾರಿ ಇಡುವ ದೊಡ್ಡ ಕೋಲ್ಡ್ ಸ್ಟೋರೇಜ್. ಒಂದೊಂದು ಕೋಣೆಯಲ್ಲೂ ಎಷ್ಟು ತಂಪಿದೆ ಎಂದು ಹೇಳುವ ಸೆನ್ಸರ್. ಆ ಅಂಕಿಗಳೆಲ್ಲ ನಾನು ಕಟ್ಟಿದ ಪರದೆಗೆ ಬರುತ್ತವೆ. ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು ದೀಪ ಮತ್ತು ಫೋನಿಗೆ ಗಂಟೆ. ವಾರದಲ್ಲಿ ಒಂದೆರಡು ದಿನ ಆಫೀಸು, ಉಳಿದದ್ದು ಮನೆಯ ಊಟದ ಮೇಜಿನಿಂದ. ನನ್ನ ಪರದೆ ಬಂದ ಮೇಲೆ ಒಂದು ಸಲವೂ ಕೆಂಪು ಬಂದಿಲ್ಲ. ನಾವೆಲ್ಲ ಕ್ಯಾಪ್ಟನ್ ಎಂದು ಕರೆಯುವ ನಮ್ಮ ಹಿರಿಯ ಇಂಜಿನಿಯರ್ ಮೇಡಂ ಇವತ್ತು ಅದನ್ನು ನೋಡಿ, "ಇಷ್ಟು ಹಸಿರು ನಾನು ಹೊಲದಲ್ಲೂ ನೋಡಿಲ್ಲ," ಎಂದರು. ಹೊಗಳಿದ್ದೇ ಇರಬೇಕು. ನನಗೆ ನಾಲ್ಕನೇ ಕೋಣೆ ಬಹಳ ಇಷ್ಟ. ಉಳಿದ ಕೋಣೆಗಳು ಅತ್ತ ಇತ್ತ ಓಲಾಡುತ್ತವೆ. ಅದು ಮಾತ್ರ ಒಂದೇ ಅಂಕಿ ಹಿಡಿದು ಕದಲದೆ ನಿಲ್ಲುತ್ತದೆ. ಒಳ್ಳೆಯ ವಿದ್ಯಾರ್ಥಿ.

ಬೆಳಿಗ್ಗೆ ಒಂದು ತಮಾಷೆ. ಮೀಟಿಂಗಿನ ನಡುವೆ ಸೀದ ವಾಸನೆ ಬಂತೆಂದು ಅಡುಗೆಮನೆಗೆ ಓಡಿದೆ. ಹಾಲು ತಳಹಿಡಿದು ಕಪ್ಪಾಗಿ ಹೊಗೆಯಾಡುತ್ತಿತ್ತು. ಅತ್ತೆ ಒಲೆಗೆ ಬೆನ್ನು ಹಾಕಿ ಅಲ್ಲೇ ನಿಂತು ಡಬ್ಬಿಗಳನ್ನು ಒರೆಸುತ್ತಿದ್ದರು! ನಾನು ಒಲೆ ಆರಿಸಿದ ಮೇಲೆಯೇ ತಿರುಗಿ ನೋಡಿದ್ದು. ಕೆಲಸದಲ್ಲಿ ಮುಳುಗಿದರೆ ಜಗತ್ತೇ ಮರೆಯುತ್ತಾರೆ. ನನಗೆ ಆ ಏಕಾಗ್ರತೆ ಇದ್ದಿದ್ದರೆ!

ಅಮ್ಮ ಫೋನ್ ಮಾಡಿದ್ದಳು. ಮುಂದಿನ ತಿಂಗಳು ಹದಿಮೂರಕ್ಕೆ ಅಪ್ಪ ಅಮ್ಮ ಊಟಕ್ಕೆ ಬರುತ್ತಿದ್ದಾರೆ. ಮಗಳ ಮನೆಗೆ ಮೊದಲ ಸಲ! ಅತ್ತೆ ಆಗಲೇ ಪಾತ್ರೆಗಳನ್ನು ಮೇಲಿನಿಂದ ಇಳಿಸಿದ್ದಾರೆ. "ಬೀಗಿತ್ತಿ ನನ್ನ ಕೈಯೂಟ ಉಂಡು ವರ್ಷ ನೆನೀಬೇಕು, ನೋಡ್ತಿರು," ಎಂದರು.

ಮಾರ್ಚ್ 18, ಮಂಗಳವಾರ

ಇವತ್ತಿನ ಬೇಳೆಯನ್ನು ನುಂಗುವುದು ಸಮುದ್ರವನ್ನು ನುಂಗಿದಂತಿತ್ತು. ಚೆನ್ನಾಗಿದೆ, ಚೆನ್ನಾಗಿದೆ ಅಮ್ಮ, ಚೆನ್ನಾಗಿದೆ ಅತ್ತೆ.

ರೂಮಿಗೆ ಬಂದು ಬಾಗಿಲು ಹಾಕಿದರೆ, ಗಂಡ ಬಟ್ಟೆಯ ಕಪಾಟಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆಯುತ್ತಿದ್ದಾನೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನು ಬಾಯಿ ತೆರೆಯುವ ಮೊದಲೇ "ಹಸಿವಾಗಿತ್ತು ಅಷ್ಟೆ" ಎಂದ.

"ಈಗ ತಾನೆ ಊಟ ಮಾಡಿದ್ಯಲ್ಲೋ!"

"ನೀನೂ ಮಾಡಿದ್ಯಲ್ಲ. ಬೇಕಾ?"

ಇಬ್ಬರೂ ತಿಂದೆವು. ನಗು ಬರುತ್ತಿತ್ತು. "ಅತ್ತೆಗೆ ಒಂದು ಮಾತು ಹೇಳಿದರಾಯ್ತಪ್ಪ, ಉಪ್ಪು ಜಾಸ್ತಿ ಅಂತ," ಎಂದೆ. ಅವನ ಮುಖದ ನಗು ಅಲ್ಲಿಗೇ ನಿಂತಿತು.

"ಬೇಡ. ಯಾವತ್ತೂ ಹೇಳಬೇಡ."

ಅವನ ಅಜ್ಜಿ, ಅತ್ತೆಯ ತಾಯಿ, ಕೊನೆಗೆ ಮಗಳನ್ನೇ ಗುರುತಿಸುತ್ತಿರಲಿಲ್ಲವಂತೆ. ಅತ್ತೆಯೇ ನೋಡಿಕೊಂಡದ್ದು. "ಅಜ್ಜಿಗೂ ಹೀಗೇ ಶುರುವಾಗಿದ್ದು ಕಣೇ. ಉಪ್ಪಿಂದ. ಹಾಕಿದ್ದು ಮರೆತು ಮತ್ತೆ ಹಾಕೋರು. ಆಮೇಲೆ ಹಾಲು. ಆಮೇಲೆ ನಮ್ಮ ಹೆಸರು. ಅಮ್ಮಂಗೆ ಹೇಳಿದರೆ ಅವಳಿಗೆ ತಕ್ಷಣ ಗೊತ್ತಾಗಿಬಿಡುತ್ತೆ, ಇದು ಏನು ಅಂತ. ಅದು ಎಷ್ಟು ದಿನ ಮುಂದೆ ಹೋದರೆ ಅಷ್ಟು ಹೋಗಲಿ. ಅಪ್ಪಂಗೂ ಗೊತ್ತು."

ಅವನ ಕಣ್ಣು ನೋಡಿ, ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಹಾಲಿನ ವಿಷಯ ಅವನಿಗೆ ಹೇಳಲಿಲ್ಲ.

ಮಾರ್ಚ್ 21, ಶುಕ್ರವಾರ

ನಾನು ಸುಮ್ಮನೆ ಕೂರುವವಳಲ್ಲ. ಅತ್ತೆಯ ಜೊತೆ ಹೆಚ್ಚು ಹೊತ್ತು ಇರುತ್ತೇನೆ, ಒಲೆಯ ಮೇಲೆ ಒಂದು ಕಣ್ಣಿಡುತ್ತೇನೆ, ಒಳ್ಳೆಯ ಡಾಕ್ಟರನ್ನು ಹುಡುಕುತ್ತೇನೆ. ಸಮಸ್ಯೆ ಯಾವುದೆಂದು ಗೊತ್ತಾದರೆ ಅರ್ಧ ಬಗೆಹರಿದಂತೆ ಎಂದು ಆಫೀಸಿನಲ್ಲಿ ಎಲ್ಲರಿಗೂ ಹೇಳುವವಳು ನಾನು.

ಆದರೆ ಒಂದು ಅರ್ಥವಾಗುತ್ತಿಲ್ಲ. ಇವತ್ತು ಬಟಾಣಿ ಬಿಡಿಸುತ್ತಾ ಅತ್ತೆ ನಮ್ಮ ಮದುವೆಯನ್ನು ಮತ್ತೊಮ್ಮೆ ಮಾಡಿಸಿಬಿಟ್ಟರು. ನನ್ನ ದೊಡ್ಡಮ್ಮನ ಸೀರೆಯ ಅಂಚು, ಚಿಕ್ಕಪ್ಪ ಯಾವ ಕುರ್ಚಿಯಲ್ಲಿ ಕುಳಿತು ಗೊರಕೆ ಹೊಡೆದರು, ನನ್ನ ಅಮ್ಮ ಫೋಟೋಗೆ ನಿಲ್ಲುವಾಗ ಯಾರನ್ನು ಮೊಣಕೈಯಿಂದ ಹಿಂದೆ ತಳ್ಳಿದಳು, ಎಲ್ಲ. ನನಗೇ ನೆನಪಿಲ್ಲ! "ನಿಮ್ಮಮ್ಮ ನೋಡೋಕೆ ಬೆಣ್ಣೆ, ಮೊಣಕೈ ಮಾತ್ರ ಕಬ್ಬಿಣ," ಎಂದು ನಕ್ಕರು.

ಇಷ್ಟು ನೆನಪಿರುವವರು ಉಪ್ಪು ಹಾಕಿದ್ದನ್ನು ಮರೆಯುತ್ತಾರೆಯೇ?

ಮಾರ್ಚ್ 27, ಗುರುವಾರ

ನಾಲ್ಕನೇ ಕೋಣೆ. ನನ್ನ ಒಳ್ಳೆಯ ವಿದ್ಯಾರ್ಥಿ.

ಲೋಡರ್ ಬಾಗಿಲು ತೆರೆದಾಗ ವಾಸನೆಗೆ ಹಿಂದೆ ಸರಿದನಂತೆ. ಕೋಣೆ ತುಂಬ ಪೇರ್ ಹಣ್ಣು, ಕೊಳೆತು ಕರಗಿ ರಸ ಹರಿಯುತ್ತಿದೆ. ನನ್ನ ಪರದೆಯಲ್ಲಿ ಆಗಲೂ ಹಸಿರು! ಸೆನ್ಸರ್ ಯಾವತ್ತೋ ಸತ್ತಿತ್ತು. ಸಾಯುವ ಮೊದಲು ಹೇಳಿದ ಅಂಕಿಯನ್ನೇ ಪರದೆ ತೋರಿಸುತ್ತಲೇ ಇತ್ತು. ಅಂಕಿ ತಪ್ಪಿದರೆ ಗಂಟೆ ಹೊಡೆಯಲಿ ಎಂದು ಬರೆದಿದ್ದೆ. ಅಂಕಿ ಬದಲಾಗದೇ ಇದ್ದರೆ ಎಂದು ಯೋಚಿಸಿಯೇ ಇರಲಿಲ್ಲ.

ಕ್ಯಾಪ್ಟನ್ ಬೈಯಲಿಲ್ಲ. ಕೊಳೆತ ಪೆಟ್ಟಿಗೆಗಳ ನಡುವೆ ನನ್ನನ್ನು ನಿಲ್ಲಿಸಿ, "ಬದಲಾಗದ ಅಂಕಿ ನೋಡಿ ನೀನು ಖುಷಿಪಟ್ಟೆ. ನಾನು ಭಯಪಡಬೇಕಿತ್ತು, ನಾನೂ ಖುಷಿಪಟ್ಟೆ. ಬಾ, ಈಗ ಇಬ್ಬರೂ ಮೂಗು ಮುಚ್ಚಿಕೊಂಡು ಕೆಲಸ ಮಾಡೋಣ," ಎಂದರು. ದಿನವಿಡೀ ಮಾಡಿದೆವು.

ಮನೆಗೆ ಬಂದಾಗ ಮಾವ ಬಾಗಿಲು ತೆರೆದು, ಎಲ್ಲ ಕಿಟಕಿಗಳನ್ನೂ ತೆರೆಯಲು ಹೋದರು. ನನ್ನ ಪ್ರೀತಿಯ ಗಂಡ ಸೋಫಾದ ಆಚೆ ತುದಿಗೆ ಜಾರಿ "ಸ್ನಾನ ಮಾಡ್ಕೊಂಡು ಬಾ ಕಣೇ, ಆಮೇಲೆ ಸಮಾಧಾನ ಮಾಡ್ತೀನಿ," ಎಂದ. ಅತ್ತೆ ಮಾತ್ರ ಎದುರು ಬಂದು ತಬ್ಬಿಕೊಂಡರು. "ಯಾಕೆ ಮುಖ ಹೀಗೆ ಬಾಡಿದೆ?" ಎಂದು ನನ್ನ ತಲೆಯನ್ನು ಭುಜಕ್ಕೆ ಒತ್ತಿಕೊಂಡರು. ಸ್ವೆಟರ್ ಬಿಚ್ಚಿಸಿ ತಮ್ಮ ಹೆಗಲಿಗೆ ಹಾಕಿಕೊಂಡರು. "ಒಂದೇ ದಿನ ತಾನೆ ಹಾಕಿದ್ದು, ಒಗೆಯೋದೇನು," ಎಂದು ಮಡಚಿ ನನ್ನ ಕಪಾಟಿನಲ್ಲೇ ಇಟ್ಟರು. ಪ್ರೀತಿ ಎಂದರೆ ಇದು. ಗಂಡ ಕಲಿಯಬೇಕು.

ಮಾರ್ಚ್ 28, ಶುಕ್ರವಾರ

ಬೆಳಿಗ್ಗೆ ಕಪಾಟು ತೆರೆದೆ. ಗಬ್ಬು ಎಂದರೆ ಅಂಥ ಗಬ್ಬು. ಗಂಡ ಮಂಚದಿಂದಲೇ "ಬಾಗಿಲು ಹಾಕೇ ಮಾರಾಯ್ತಿ!" ಎಂದು ಕೂಗಿದ.

ಕಪಾಟಿನ ಬಾಗಿಲು ಹಿಡಿದುಕೊಂಡೇ ನಿಂತೆ. ಎಷ್ಟೇ ಪ್ರೀತಿ ಇದ್ದರೂ ಮೂಗು ಇರುತ್ತದಲ್ಲ. ಅತ್ತೆ ಮೂಗು ಸಿಂಡರಿಸಲೂ ಇಲ್ಲ. ಹಾಲು ಸೀಯುವಾಗ ತಿರುಗಿಯೂ ನೋಡಲಿಲ್ಲ. ಅವರು ಏನನ್ನೂ ಮರೆಯುತ್ತಿಲ್ಲ!

ಗಂಡ ಲ್ಯಾಬಿಗೆ, ಮಾವ ವಾಕಿಂಗಿಗೆ ಹೋಗುವವರೆಗೆ ಕಾದೆ. ಅತ್ತೆ ಈರುಳ್ಳಿ ಹೆಚ್ಚುತ್ತಿದ್ದರು. ಗುಟ್ಟಾಗಿ ಪರೀಕ್ಷೆ ಮಾಡಬಹುದಿತ್ತು, ಆದರೆ ಮನಸ್ಸು ಒಪ್ಪಲಿಲ್ಲ. ನೇರ ಕೇಳಿದೆ.

"ಅತ್ತೆ, ನಿಮಗೆ ವಾಸನೆ ಗೊತ್ತಾಗಲ್ವಾ?"

ಚಾಕು ನಿಂತಿತು. "ಯಾರು ಹೇಳಿದ್ದು?"

"ನನ್ನ ಸ್ವೆಟರ್."

ಹೆಚ್ಚಿದ ಈರುಳ್ಳಿಯನ್ನು ಮಣೆಯ ಅಂಚಿಗೆ ಸರಿಸಿದರು. "ಆ ಜ್ವರ ಹೋಗೋವಾಗ ನನ್ನ ಮೂಗನ್ನೂ ಕರ್ಕೊಂಡು ಹೋಯ್ತು ಕಣೇ. ಕಾಫಿ ಅಂದ್ರೆ ಬಿಸಿನೀರು. ಅನ್ನ ಅಂದ್ರೆ ಹತ್ತಿ. ಏನು ತಿಂದರೂ ಕಾಗದ ಅಗಿದ ಹಾಗೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳಲಿ? ಮನೆ ತುಂಬ ಮದುವೆ ಗಲಾಟೆ. ಆಮೇಲೆ ನೀನು ಬಂದೆ. ನಮ್ಮಮ್ಮ ಕ್ಯಾಂಟೀನ್ ನಡೆಸಿದೋಳು, ಹಾಗೆ ಹೀಗೆ ಅಂತ ಅವನು ನಿನ್ನ ಹತ್ರ ಕೊಚ್ಚಿಕೊಂಡಿದ್ದ. ಮೊದಮೊದಲು ಬಡಿಸಿ ಕೂರೋಕೂ ಅಳುಕು, ನಿಮ್ಮ ಮುಖಾನೇ ನೋಡ್ತಾ ನಿಂತಿರ್ತಿದ್ದೆ. ತಪ್ಪಿದರೆ ಹೇಳ್ತಾರೆ, ತಿದ್ದಿಕೊಳ್ಳೋಣ ಅಂದ್ಕೊಂಡೆ. ಎಲ್ಲರೂ ಚೆನ್ನಾಗಿದೆ ಅಂದ್ರಿ. ಸರಿ, ಮೂಗು ಹೋದರೇನು, ಕೈಗೆ ನೆನಪಿದೆಯಲ್ಲ ಅಂತ ಧೈರ್ಯ ಬಂತು." ನನ್ನ ಕಡೆ ತಿರುಗಿದರು. "ಚೆನ್ನಾಗಿತ್ತು ತಾನೆ?"

ಬೆಕ್ಕಿಗೆ ಗಂಟೆ ಕಟ್ಟಲು ಆ ಮನೆಯಲ್ಲಿ ಆಗ ನಾನೊಬ್ಬಳೇ ಇದ್ದೆ.

"ಇಲ್ಲ ಅತ್ತೆ."

"ಯಾವುದು ಇಲ್ಲ?"

"ಬೀನ್ಸ್ ಉಪ್ಪು. ಬೇಳೆ ಬಾಯಿಗೆ ಇಡೋ ಹಾಗಿರಲಿಲ್ಲ. ಎಣ್ಣೆ ಕಮಟಾಗಿದೆ, ಅದರಲ್ಲಿ ಹುರಿದದ್ದೆಲ್ಲ ಕಮಟು."

"ಎಷ್ಟು ದಿನದಿಂದ?"

"ನಾನು ಬಂದಾಗಿಂದ."

ಚಾಕುವನ್ನು ನಿಧಾನವಾಗಿ ಮಣೆಯ ಮೇಲಿಟ್ಟರು. "ನನ್ನ ಮೂಗು ಹೋಗಿದೆ ಅಂತ ನನಗೆ ಗೊತ್ತಿತ್ತು. ಈ ಮನೇಲಿ ಮೂರು ನಾಲಿಗೆ ಹೋಗಿದೆ ಅಂತ ಗೊತ್ತಿರಲಿಲ್ಲ."

ನಾನು ಅತ್ತೆ, ಅತ್ತೆ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. "ನಿಮ್ಮನ್ನ ನಂಬಿ ಅಡುಗೆ ಮಾಡ್ತಿದ್ದೆ ಕಣೇ ನಾನು. ನಿಮ್ಮ ಬಾಯೇ ನನ್ನ ಬಾಯಿ ಅಂದ್ಕೊಂಡಿದ್ದೆ. ಹಾಳಾಗಿದೆ ಅಂದಿದ್ರೆ ಒಂದು ದಿನ ಅಳ್ತಿದ್ದೆ. ಈಗ ಇಷ್ಟು ದಿನದ್ದು ಒಟ್ಟಿಗೆ ಅಳಬೇಕು."

ಗಂಡನಿಗೆ ಕೊಟ್ಟ ಮಾತು ಮುರಿದೆ. ಅಜ್ಜಿಯ ವಿಷಯ, ಅವನ ಭಯ, ಕಪಾಟಿನ ಬಿಸ್ಕತ್ತು, ಎಲ್ಲ ಹೇಳಿದೆ. ಅತ್ತೆ ಸ್ಟೂಲಿನ ಮೇಲೆ ಕುಳಿತುಬಿಟ್ಟರು.

"ನನಗೆ ಅಮ್ಮನ ಕಾಯಿಲೆ ಅಂದ್ಕೊಂಡ್ನಾ? ಅದನ್ನ ಹೊತ್ಕೊಂಡು ದಿನಾ ನನ್ನೆದುರು ನಗ್ತಾ ಊಟ ಮಾಡ್ತಿದ್ನಾ?"

ಆಗ ಅತ್ತರು. ಈರುಳ್ಳಿಯ ಖಾರ ಅವರಿಗೂ ತಟ್ಟುತ್ತದಂತೆ, ಅದೊಂದು ಉಳಿದಿದೆಯಂತೆ. ಅದರ ಮೇಲೆ ತಪ್ಪು ಹಾಕಿದರು.

ಮಾರ್ಚ್ 30, ಭಾನುವಾರ

ಗಂಡ ಶುಕ್ರವಾರ ನಿಜ ತಿಳಿದಾಗ ಮೊದಲು ಅಮ್ಮನನ್ನು ಎತ್ತಿಕೊಂಡು ಒಂದು ಸುತ್ತು ಸುತ್ತಿಸಿದ. ಮೂಗು ಮಾತ್ರವಾ, ಬರೀ ಮೂಗಾ ಎಂದು ನಗುತ್ತಲೇ ಇದ್ದ. ಅದೇ ಅತ್ತೆಯ ಕೋಪಕ್ಕೆ ತುಪ್ಪ ಸುರಿದದ್ದು.

ಎರಡು ದಿನದಿಂದ ಮನೆಯಲ್ಲಿ ಬೇಯಿಸಿದ ಆಲೂಗಡ್ಡೆ. ಉಪ್ಪಿಲ್ಲ, ಎಣ್ಣೆಯಿಲ್ಲ, ಮಾತಿಲ್ಲ. ಉಪ್ಪಿನ ಡಬ್ಬಿಯನ್ನು ಮೇಜಿನ ನಡುವೆ ಕುಕ್ಕಿದ್ದಾರೆ. "ಬೇಕಾದಷ್ಟು ನೀವೇ ಹಾಕ್ಕೊಳ್ಳಿ. ನಾಲಿಗೆ ಇರೋರು ತಾನೆ."

ಮಾವ ಅಭ್ಯಾಸಬಲದಿಂದ ಮೊದಲ ತುತ್ತಿಗೆ "ಚೆನ್ನಾ..." ಎಂದರು. ಅತ್ತೆ ನೋಡಿದ ನೋಟಕ್ಕೆ ಉಳಿದ ಅಕ್ಷರಗಳನ್ನು ಆಲೂಗಡ್ಡೆಯ ಜೊತೆ ನುಂಗಿದರು.

"ಮಾತು ಬೆಳ್ಳಿ, ಮೌನ ಬಂಗಾರ ಅಂತ ಸುಮ್ಮನಿದ್ದೆ," ಎಂದು ಸಮಜಾಯಿಷಿ ಬೇರೆ.

"ಬಂಗಾರ ಇಟ್ಕೊಂಡು ಆಲೂಗಡ್ಡೆ ತಿನ್ನಿ."

ನಿನ್ನೆ ಡಾಕ್ಟರ ಹತ್ತಿರ ಹೋಗಿದ್ದೆವು. ಅತ್ತೆ ಮತ್ತು ನಾನು ಮಾತ್ರ, ಗಂಡಸರಿಗೆ ಪ್ರವೇಶವಿರಲಿಲ್ಲ. ನಾಲಿಗೆಗೆ ಉಪ್ಪು ಗೊತ್ತಾಗುತ್ತದೆಯಂತೆ, ಆದರೆ ವಾಸನೆಯಿಲ್ಲದೆ ರುಚಿಯೇ ಇಲ್ಲವೆನಿಸಿ ಹಾಕುತ್ತಲೇ ಹೋಗುತ್ತಾರಂತೆ. ಮೂಗು ತಿರುಗಿ ಬರಬಹುದು, ತಿಂಗಳುಗಳಾಗಬಹುದು, ಬರದೆಯೂ ಇರಬಹುದು. ಕೆಲವು ಗಾಢ ವಾಸನೆಯ ವಸ್ತುಗಳನ್ನು ದಿನಾ ಮೂಸಿ ಅಭ್ಯಾಸ ಮಾಡಬೇಕು. ಅತ್ತೆ ಕೇಳಿದ್ದು ಒಂದೇ: "ಹದಿಮೂರನೇ ತಾರೀಖಿನೊಳಗೆ ಬರುತ್ತಾ?"

ಡಾಕ್ಟರ್ ಇಲ್ಲವೆಂದು ತಲೆಯಾಡಿಸಿದರು.

ಬರುವಾಗ ಬಸ್ಸಿನಲ್ಲಿ, "ನಿಮ್ಮಪ್ಪ ಅಮ್ಮನಿಗೆ ಹೊರಗಿಂದ ಊಟ ತರಿಸು. ನಾನಿನ್ನು ಒಲೆ ಮುಂದೆ ನಿಲ್ಲಲ್ಲ," ಎಂದರು. ಇಳಿಸಿಟ್ಟಿದ್ದ ಪಾತ್ರೆಗಳನ್ನು ಸಂಜೆ ಮತ್ತೆ ಮೇಲಿಟ್ಟರು. ಸ್ಟೂಲ್ ಹಿಡಿದುಕೊಂಡವಳು ನಾನೇ.

ಏಪ್ರಿಲ್ 4, ಶುಕ್ರವಾರ

ಆಫೀಸಿನಲ್ಲಿ ನನ್ನ ಪರದೆಯನ್ನು ತಿದ್ದಿದೆ. ಈಗ ಒಂದು ಕೋಣೆ ಬಹಳ ಹೊತ್ತು ಒಂದೇ ಅಂಕಿ ಹೇಳಿದರೂ ಗಂಟೆ ಹೊಡೆಯುತ್ತದೆ. ಮೊದಲ ದಿನ ನನ್ನ ಫೋನು ಅಳುವ ಮಗುವಿನಂತಾಯಿತು. ಗೊತ್ತಿಲ್ಲದೆ ಸತ್ತಿದ್ದ ಸೆನ್ಸರ್‌ಗಳು ಇನ್ನೂ ಇದ್ದವು. ಕ್ಯಾಪ್ಟನ್, "ಈಗ ನಿಜವಾದ ಹೊಲದ ಹಾಗಿದೆ, ಅಲ್ಲಲ್ಲಿ ಒಣಗಿದೆ," ಎಂದರು. ಇದು ಹೊಗಳಿಕೆ ಎಂದು ಈ ಸಲ ಖಾತ್ರಿ.

ಮನೆಗೊಂದು ಗ್ಯಾಸ್ ಅಲಾರಂ ತಂದು ಒಲೆಯ ಹತ್ತಿರ ಕೂರಿಸಿದೆ. ಸೋರಿದರೆ ಕೂಗುತ್ತದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಯಾಕೆ ಹಾಕ್ತಿದ್ದೀಯ? ನಾನು ಅಡುಗೆ ಬಿಟ್ಟಾಯ್ತಲ್ಲ."

"ಬಿಟ್ಟಿರಾ? ಹಾಗಾದರೆ ನಾನು ಮಾಡ್ತೀನಿ. ಹದಿಮೂರಕ್ಕೂ ನಾನೇ. ಬ್ರೆಡ್ ಮಾಡ್ತೀನಿ."

ಅತ್ತೆಯ ಮುಖದಲ್ಲಿ ಏನೋ ಹಾದುಹೋಯಿತು. ಒಳಗೆ ಬಂದು ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಇರು, ಇರು. ಅಷ್ಟು ದೂರ ಹೋಗೋದು ಬೇಡ."

ಟೊಮೆಟೊ ಸೂಪಿನಿಂದ ಶುರುಮಾಡಿದೆವು. ಉಪ್ಪು ಹಾಕಿ ಸೌಟನ್ನು ನನ್ನ ಬಾಯಿಗೆ ಹಿಡಿದರು. ನಾನು ಮರೆತು, "ಚೆನ್ನಾಗಿ..."

"ಆ ಮಾತು ಈ ಮನೇಲಿ ಇನ್ನು ಇಲ್ಲ. ಏನು ಕಮ್ಮಿ, ಏನು ಹೆಚ್ಚು, ಅಷ್ಟು ಹೇಳು."

ಕಣ್ಣು ಮುಚ್ಚಿ ಯೋಚಿಸಿದೆ. ಕಷ್ಟ! ಇಷ್ಟು ವರ್ಷ ಊಟ ಮಾಡಿದ್ದೇನೆ, ರುಚಿ ನೋಡಿಲ್ಲ ಎಂದು ಗೊತ್ತಾಯಿತು. "ಹುಳಿ ಮುಂದೆ ಬರ್ತಿದೆ. ಬೆಳ್ಳುಳ್ಳಿ ಇದೆ ಅಂತ ಗೊತ್ತಾಗ್ತಿಲ್ಲ. ಉಪ್ಪು... ಇನ್ನು ಸ್ವಲ್ಪ."

"ಸ್ವಲ್ಪ ಅಂದ್ರೆ? ನಿಮ್ಮ ಆಫೀಸಲ್ಲಿ ಹೀಗೇ ಹೇಳ್ತೀಯಾ?"

"ಒಂದು ಚಿಟಿಕೆ."

ಹಾಕಿದರು. ನಾನು ನೋಡಿದೆ. ಸರಿಹೋಗಿತ್ತು! ಅದೂ ಎಷ್ಟು! ಆ ಕ್ಯಾಂಟೀನಿನ ಜನ ಯಾಕೆ ಸಾಲು ನಿಲ್ಲುತ್ತಿದ್ದರೆಂದು ಮೊದಲ ಸಲ ತಿಳಿಯಿತು. ಹಾಗೆಂದು ಹೇಳಿದೆ. ಅತ್ತೆ ಸೌಟಿನ ತುದಿಯನ್ನು ತಮ್ಮ ನಾಲಿಗೆಗೂ ತಾಗಿಸಿ, ಏನೂ ಸಿಗದೆ, ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು.

ಊಟದ ಹೊತ್ತಿಗೆ ಕಾನೂನು ಜಾರಿಯಾಯಿತು: ಚೆನ್ನಾಗಿದೆ ಎಂದವರು ಪಾತ್ರೆ ತೊಳೆಯಬೇಕು. ಮಾವ ತೊಳೆದರು.

ಏಪ್ರಿಲ್ 8, ಮಂಗಳವಾರ

ಕಾನೂನು ಎಲ್ಲರಿಗೂ ಒಂದೇ ಎಂದು ನಾನೇ ಧೈರ್ಯವಾಗಿ ಬ್ರೆಡ್ ಮಾಡಿ ಮೇಜಿನ ಮೇಲಿಟ್ಟೆ. "ಈಗ ಹೇಳಿ!"

ಮಾವ ಮಗನನ್ನು ನೋಡಿದರು. ಮಗ ಸೀಲಿಂಗನ್ನು ನೋಡಿದ.

"ಹೇಳೋ," ಎಂದರು ಅತ್ತೆ.

"ಅಪ್ಪನ ಹಲ್ಲಿನ ಸೆಟ್ ನಾನೇ ಮಾಡಿದ್ದು," ಎಂದ ಗಂಡ ಮೆಲ್ಲಗೆ. "ಐದು ವರ್ಷದಿಂದ ಏನೂ ಆಗಿರಲಿಲ್ಲ. ಕಡಲೆಕಾಯಿ, ಕಬ್ಬು, ಏನು ಕಚ್ಚಿದರೂ ಏನೂ ಆಗಿರಲಿಲ್ಲ."

"ಆಮೇಲೆ?"

"ಆಮೇಲೆ ನೀನು ಬ್ರೆಡ್ ಮಾಡಿದೆ."

ಅರ್ಜೆಂಟ್ ಗಿರಾಕಿ! ನಾನು ಗರಿಗರಿ ಎಂದು ಬರೆದಿದ್ದೇನೆ, ಹಿಂದಿನ ಪುಟದಲ್ಲಿ ಇನ್ನೂ ಇದೆ. ಅಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಮಾವ, "ಇಟ್ಟಿಗೆ ಅನ್ನಲ್ಲಮ್ಮ ನಾನು. ಆದರೆ ನಿನ್ನ ಬ್ರೆಡ್ಡಿಂದ ಒಂದು ಗೋಡೆ ಕಟ್ಟಬಹುದು, ಮಳೆ ಒಳಗೆ ಬರಲ್ಲ," ಎಂದು ಸಮಾಧಾನ ಮಾಡಿದರು.

ಅತ್ತೆ ಒಂದು ಚೂರನ್ನು ಬೆರಳಲ್ಲಿ ಒತ್ತಿ ನೋಡಿದರು. "ರುಚಿ ನನಗೆ ಗೊತ್ತಾಗಲ್ಲ. ಆದರೆ ಕೈಗೆ ಗೊತ್ತಾಗುತ್ತೆ. ಹಿಟ್ಟು ಉಬ್ಬೋಕೆ ನೀನು ಬಿಟ್ಟೇ ಇಲ್ಲ. ಗಡಿಯಾರ ನೋಡಿ ಒಳಗೆ ಹಾಕ್ತೀಯ, ಹಿಟ್ಟು ನೋಡಲ್ಲ."

"ಆವತ್ತೇ ಯಾಕೆ ಹೇಳಲಿಲ್ಲ ಅತ್ತೆ?"

"ಹೊಸ ಸೊಸೆ, ಬೇಜಾರಾಗ್ತಾಳೆ ಅಂತ," ಎಂದವರು ತಾವೇ ನಿಲ್ಲಿಸಿ ನಕ್ಕುಬಿಟ್ಟರು. "ನಾನೂ ಅದೇ ಮಾಡಿದ್ನಲ್ಲೇ!"

ಪಾತ್ರೆಗಳು ಮತ್ತೆ ಮೇಲಿನಿಂದ ಇಳಿದಿವೆ.

ಏಪ್ರಿಲ್ 13, ಭಾನುವಾರ

ಅಪ್ಪ ಅಮ್ಮ ಬಂದು ಹೋದರು. ಬರೆಯುವಷ್ಟು ಶಕ್ತಿ ಉಳಿದಿದೆ, ನಿಲ್ಲುವಷ್ಟು ಇಲ್ಲ.

ಬೆಳಿಗ್ಗೆಯಿಂದ ಅತ್ತೆ ಮಾಡುತ್ತಾ ಹೋದರು, ನಾನು ಹೇಳುತ್ತಾ ಹೋದೆ. ಎಣ್ಣೆ ಹೊಸದು. ಬೆಳ್ಳುಳ್ಳಿ ಈಗ ಕೆಂಪಾಯ್ತು, ಇಳಿಸಿ. ಬದನೆಕಾಯಿಗೆ ಇನ್ನೊಂದು ಚಿಟಿಕೆ. ಬೇಳೆಗೆ ಬೇಡ. ಬೀನ್ಸನ್ನು ಗಂಡ ನೋಡಿಕೊಂಡ, ತುಸು ಸೀಯಿಸಿದ. ಅಮ್ಮ ಒಳಗೆ ಇಣುಕಿ, ಅತ್ತೆಯ ಸೌಟಿಗೆ ಬಾಯಿ ಹಾಕಿ ನಿಂತಿದ್ದ ನನ್ನನ್ನು ನೋಡಿ, ಕಣ್ಣಲ್ಲೇ ಗದರಿಸಿ ಹೋದಳು.

ಮೇಜಿನ ಸುತ್ತ ಆರು ಜನ. ಅತ್ತೆಗೆ ಮೊದಲ ದಿನಗಳ ಅಳುಕು ಮತ್ತೆ ಬಂದಿತ್ತು. ಬಡಿಸಿದ ಮೇಲೂ ಕೂರದೆ, ಚಮಚ ಹಿಡಿದು ನಿಂತೇ ಇದ್ದರು. ಅಮ್ಮ ಮೊದಲ ತುತ್ತು ತಿಂದಳು.

"ಚೆನ್ನಾಗಿದೆ ಬೀಗಿತ್ತಿಯವರೇ! ಎಲ್ಲಾ ಚೆನ್ನಾಗಿದೆ!"

ಮಾವ ಮತ್ತು ಗಂಡ ತಟ್ಟೆಯತ್ತ ತಲೆ ಬಗ್ಗಿಸಿದರು. ಅತ್ತೆ ಅಮ್ಮನಿಗೆ ನಗು ಕೊಟ್ಟರು, ಆದರೆ ನೋಡಿದ್ದು ನನ್ನ ಕಡೆ.

"ನೀನು ಹೇಳೇ."

ಎಲ್ಲರ ಎದುರು! ಅಮ್ಮನ ಕಾಲು ಆಗಲೇ ಮೇಜಿನ ಕೆಳಗೆ ನನ್ನ ಕಾಲನ್ನು ಹುಡುಕುತ್ತಿತ್ತು. ನಾನು ಒಂದೊಂದನ್ನೂ ನಿಧಾನವಾಗಿ ತಿಂದು ನೋಡಿದೆ.

"ಬೇಳೆಗೆ ಉಪ್ಪು ಕಮ್ಮಿ ಅತ್ತೆ. ಬೇಡ ಅಂದಿದ್ದು ನಾನೇ, ನನ್ನದೇ ತಪ್ಪು. ಬೀನ್ಸ್ ಸೀದಿದೆ, ನಿಮ್ಮ ಮಗನದ್ದು. ಬದನೆಕಾಯಿಯಲ್ಲಿ ನನಗೆ ಏನೂ ಹೇಳೋಕೆ ಸಿಗ್ತಿಲ್ಲ. ಇದನ್ನ ಇಷ್ಟು ಹೊತ್ತು ಬಾಯಲ್ಲೇ ಇಟ್ಕೊಂಡಿದ್ದೀನಿ, ನುಂಗೋಕೆ ಮನಸ್ಸಿಲ್ಲ."

ಅಮ್ಮನ ಒದೆ ಬಿತ್ತು. "ದೊಡ್ಡೋರ ಅಡುಗೆಗೆ ಹೀಗಾ ಮಾತಾಡೋದು? ನಾವು ಇದನ್ನಾ ಕಲಿಸಿದ್ದು?"

"ನಾವು ಮನೇಲಿ ಮಾಡೋದು ಮತ್ತೇನು?" ಎಂದರು ಅಪ್ಪ. "ಬೇಳೆಗೆ ಉಪ್ಪು ಕಮ್ಮೀನೇ ಇದೆ."

ಅತ್ತೆ ಉಪ್ಪು ತಂದು, ಬೇಳೆಗೆ ಒಂದು ಚಿಟಿಕೆ ಹಾಕಿ ಕಲಕಿದರು. "ಈಗ?"

"ಈಗ ಸರಿ."

ಅತ್ತೆ ಚಮಚ ಕೆಳಗಿಟ್ಟರು. ಆಮೇಲೆ ಅವರೂ ಕುಳಿತು, ತಮಗೆ ಹತ್ತಿಯಂತಿರುವ ಅನ್ನವನ್ನು ನಮ್ಮ ಮುಖಗಳನ್ನು ನೋಡುತ್ತಾ ಹೊಟ್ಟೆ ತುಂಬ ಉಂಡರು. ಮೂಗಿನ ಕಥೆಯನ್ನು ಅಮ್ಮನಿಗೆ ತಾವೇ ಹೇಳಿದರು. ಅಮ್ಮ ಅವರ ಕೈ ಹಿಡಿದುಕೊಂಡು, "ಅಯ್ಯೋ, ಮೂಗಿಲ್ಲದೇ ಇಷ್ಟು ಚೆನ್ನಾಗಿ ಮಾಡಿದ್ದೀರಾ!" ಎಂದಳು.

"ಮೂರು ಸಲ ಅಂದ್ರಿ," ಎಂದು ಅತ್ತೆ ಏಪ್ರನ್ ತಂದುಕೊಟ್ಟರು. "ಈ ಮನೇಲಿ ಒಂದು ಕಾನೂನಿದೆ."

ಅಮ್ಮ ಪಾತ್ರೆ ತೊಳೆದಳು, ಅತ್ತೆ ಒರೆಸಿದರು. ನಮ್ಮ ಅಡುಗೆಮನೆಯಿಂದ ಇಬ್ಬರ ನಗು ಬಹಳ ಹೊತ್ತು ಕೇಳಿತು. ಅಮ್ಮನ ಮೊಣಕೈಯ ವಿಷಯವೂ ಬಂದಂತಿತ್ತು.

ಎಲ್ಲರೂ ಹೋದ ಮೇಲೆ ಅತ್ತೆ ದಿನದ ಅಭ್ಯಾಸಕ್ಕೆ ಕುಳಿತರು: ಲವಂಗ, ಕಾಫಿ ಪುಡಿ, ಕಿತ್ತಳೆ ಸಿಪ್ಪೆ. ಒಂದೊಂದನ್ನೂ ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. ನಾನು ಪಕ್ಕದಲ್ಲಿ ಕಾದೆ.

"ಏನಾದರೂ ಬಂತಾ ಅತ್ತೆ?"

ಮುಂಚಿನ ಅತ್ತೆಯಾಗಿದ್ದರೆ ನನ್ನ ಸಂತೋಷಕ್ಕೆ ಏನಾದರೂ ಹೇಳುತ್ತಿದ್ದರು.

"ಏನೂ ಇಲ್ಲ ಕಣೇ," ಎಂದರು, ಹೊರಗೆ ಮಳೆಯಿಲ್ಲ ಎಂದಷ್ಟೇ ಹಗುರವಾಗಿ. ಕಿತ್ತಳೆ ಸಿಪ್ಪೆಯನ್ನು ನನ್ನ ಕೈಗಿಟ್ಟರು. "ನಿನಗೆ ಹೇಗಿದೆ ಹೇಳು."

ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.